ಮಾಲೀಕರ ಸಹಿ

ಅರ್ಜಿಯಲ್ಲಿ ಹನ್ನೊಂದು ಕಾಲಂ. ಏಳನೆಯದು, ‘ಜಮೀನಿನ ಮಾಲೀಕರ ಹೆಸರು ಮತ್ತು ಸಹಿ’. ಅದು ತುಂಬದೆ ಒಂದು ಮೀನನ್ನೂ ನೀರಿನಿಂದ ಎತ್ತುವಂತಿಲ್ಲ ಎಂದು ಪ್ರೊಫೆಸರ್ ಇಂದುಶೇಖರ ಮೊದಲ ದಿನವೇ ಹೇಳಿದ್ದರು. ಹಳ್ಳಿಯ ಕಡೆ ಹೋದಾಗ ಕೆರೆಯೋ ಕುಂಟೆಯೋ ಹೊಲದ ಗುಂಡಿಯೋ, ಯಾವುದೇ ಇರಲಿ, ಅದು ಯಾರೋ ಒಬ್ಬರದು ಇರುತ್ತದೆ. ಮೊದಲು ಅವರ ಮನೆ ಬಾಗಿಲಿಗೆ ಹೋಗಬೇಕು, ಕೇಳಬೇಕು, ಅವರು ಹೂಂ ಅಂದ ಮೇಲೆ ಬಲೆ ಬಿಡಬೇಕು. ಸಂಶೋಧನೆ ಮಾಡುವವರಿಗೆ ಅದು ಮರ್ಯಾದೆ ಅಂದಿದ್ದರು.

ವಸಂತಿ ತಲೆಯಾಡಿಸಿದ್ದಳು. ಮೀನು ಹಿಡಿಯಲು ಅಪ್ಪಣೆ ಬೇಕೆಂಬುದನ್ನು ಅವಳಿಗೆ ದೆಹಲಿಯ ಯೂನಿವರ್ಸಿಟಿ ಕಲಿಸಬೇಕಾಗಿರಲಿಲ್ಲ. ಒಂಬತ್ತನೇ ವಯಸ್ಸಿಗೇ ಕಲಿತಿದ್ದಳು. ಹಿರಿಯೂರಿನ ಕಡೆಯ ಅವಳ ಊರಿನ ಕೆರೆಯನ್ನು ಆ ವರ್ಷ ಹೊರಗಿನವನೊಬ್ಬ ಗುತ್ತಿಗೆಗೆ ಹಿಡಿದಿದ್ದ. ಬೆಸ್ತರ ಕೇರಿಯವರು ಕೂಲಿಗೆ ಅವನ ಬಲೆ ಎಳೆಯಬಹುದು, ಮೀನು ಮನೆಗೆ ಒಯ್ಯುವಂತಿಲ್ಲ. ಸಂಜೆ ಕೆಲಸ ಬಿಟ್ಟು ಹೊರಟ ಅವಳ ಅಮ್ಮ ಸುಶೀಲಮ್ಮನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಸೆರಗು ಕೊಡವು ಅಂದ. ಕೊಡವಿದಳು. ಮಡಿಲು ಬಿಚ್ಚು ಅಂದ. ಬಿಚ್ಚಿದಳು. ಬೆರಳುದ್ದದ ಎರಡು ಮೀನು ಕೆಳಗೆ ಬಿದ್ದವು. ಸುತ್ತ ನಿಂತ ಗಂಡಸರು ನಕ್ಕರು. ಸುಶೀಲಮ್ಮ ಮಗಳ ಕೈ ಹಿಡಿದುಕೊಂಡು ಮನೆಗೆ ಬಂದಳು, ಒದ್ದೆ ಸೀರೆಯಲ್ಲೇ ಒಲೆ ಹಚ್ಚಿದಳು.

ಮೀನಿನ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ವಸಂತಿ ಫೋನಿನಲ್ಲಿ ಹೇಳಿದಾಗ ಆ ಸುಶೀಲಮ್ಮ ಕೇಳಿದ್ದು ಒಂದೇ ಮಾತು.

“ಹಿಡಿದ್ರೆ ಅಲ್ಲಿ ಯಾರೂ ಏನೂ ಅನ್ನಲ್ವೇನೇ?”

“ಇಲ್ಲಮ್ಮ, ಫಾರಂ ಇರುತ್ತೆ” ಅಂದಿದ್ದಳು ವಸಂತಿ.

ಅವಳು ಹುಡುಕುತ್ತಿದ್ದದ್ದು ನಮ್ಮ ಕಡೆಯವರು ಚೇಳು ಮೀನು ಅನ್ನುವ ಮೀನನ್ನು. ದೆಹಲಿಯ ಸುತ್ತ ಅದಕ್ಕೆ ಸಿಂಘಿ ಅನ್ನುತ್ತಾರೆ. ಕಪ್ಪಗೆ, ಉದ್ದಕ್ಕೆ, ಮೀಸೆ ಬಿಟ್ಟುಕೊಂಡು ಕೆಸರಿನಲ್ಲಿ ಬದುಕುವ ಜೀವ. ಪಕ್ಕದ ಮುಳ್ಳು ಹೊಡೆದರೆ ಭುಜದವರೆಗೂ ಉರಿ. ದೆಹಲಿ ಬೆಳೆಯುತ್ತ ಬೆಳೆಯುತ್ತ ಸುತ್ತಲಿನ ಹಳ್ಳಿಗಳ ಜೋಹಡ್‌ಗಳನ್ನು, ಅಂದರೆ ಊರ ಕೆರೆಗಳನ್ನು, ನುಂಗಿ ನೀರು ಕುಡಿದಿತ್ತು. ಉಳಿದವುಗಳಲ್ಲಿ ಈ ಮೀನು ಎಲ್ಲೆಲ್ಲಿದೆ ಎಂದು ನೋಡುವುದು ವಸಂತಿಯ ಕೆಲಸ. ಮೂರು ವರ್ಷ ಅಲೆದಿದ್ದಳು. ಹೋದ ಕಡೆಯೆಲ್ಲ ಕೆರೆಯಿದ್ದ ಜಾಗದಲ್ಲಿ ಗೋಡೌನೋ ಮದುವೆ ಮಂಟಪವೋ ನಿಂತಿರುತ್ತಿತ್ತು.

ಆ ಸೆಪ್ಟೆಂಬರ್‌ನಲ್ಲಿ ಅವಳು ಮಾಲ್‌ಖೇಡಾಕ್ಕೆ ಹೋದಳು. ಮುನಿರ್ಕಾದ ರೂಮಿನಿಂದ ಹೊರಟು, ಎರಡು ಕಡೆ ಮೆಟ್ರೋ ಬದಲಿಸಿ, ಢಾಂಸಾ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹರಿಯಾಣದ ಗಡಿ ದಾಟುವ ಶೇರ್ ಆಟೋ ಹತ್ತಿ, ಆಮೇಲೆ ಬಿಸಿಲಲ್ಲಿ ನಡೆದು. ಬಾಜ್ರಾ ಹೊಲಗಳ ಆಚೆ ಜೋಹಡ್ ಕಂಡಿತು. ನಿಜವಾದ ನೀರು. ಮೇಲೆಲ್ಲ ಹಸಿರು ಎಲೆ ಹಾಸಿಕೊಂಡಿತ್ತು. ಎಲೆಗಳ ನಡುವೆ ಒಂದು ಹೆಂಗಸಿನ ತಲೆ.

ಹೆಂಗಸು ಎದೆಮಟ್ಟದ ನೀರಿನಲ್ಲಿದ್ದಳು. ಟ್ರ್ಯಾಕ್ಟರಿನ ಗಾಳಿ ತುಂಬಿದ ಟ್ಯೂಬಿಗೆ ಎದೆಯಾನಿಸಿಕೊಂಡು, ಎಲೆಯನ್ನು ಮಗುಚಿ ಅಡಿಯ ಕಾಯಿ ಕೀಳುತ್ತಿದ್ದಳು. ಸಿಂಘಾಡಾ. ನೀರಲ್ಲಿ ಬೆಳೆಯುವ ಕೊಂಬಿನ ಕಾಯಿ. ದೆಹಲಿಯ ಸಂತೆಯಲ್ಲಿ ಅದನ್ನು ಬೇಯಿಸಿ ಉಪ್ಪು ಹಚ್ಚಿ ಮಾರುತ್ತಾರೆ, ಉಪವಾಸದ ಮನೆಗಳಲ್ಲಿ ಹಿಟ್ಟು ಮಾಡಿ ತಿನ್ನುತ್ತಾರೆ. ತಿನ್ನುವವರು ಅದರ ಕೊಂಬು ನೋಡಿರುತ್ತಾರೆ, ಕೀಳುವವರ ಬೆರಳು ನೋಡಿರುವುದಿಲ್ಲ.

“ಅಮ್ಮಾ, ಈ ಜೋಹಡ್ ಯಾರದು?” ವಸಂತಿ ದಡದಿಂದಲೇ ತನ್ನ ಹಿಂದಿಯಲ್ಲಿ ಕೂಗಿದಳು.

“ಹಮಾರಾ” ಅಂದಳು ಹೆಂಗಸು.

ಹಮಾರಾ. ನಮ್ಮದು. ಇನ್ನೇನು ಬೇಕು? ಬೇರೆ ಯಾರಾದರೂ ಆಗಿದ್ದರೆ ನಮ್ಮದು ಅಂದರೆ ಯಾರ ಹೆಸರಲ್ಲಿದೆ, ಕಾಗದ ತೋರಿಸು ಅನ್ನುತ್ತಿದ್ದರು. ವಸಂತಿಗೆ ಹಾಗೆ ಕೇಳಬೇಕೆಂದು ಹೊಳೆಯಲೇ ಇಲ್ಲ. ಅವಳ ಅಮ್ಮ, ಅಜ್ಜಿ, ಕೇರಿಯ ಸಮಸ್ತರೂ ತಮ್ಮ ಹೆಸರಿಗೆ ಅಂಗೈಯಗಲ ನೆಲವಿಲ್ಲದೆ ‘ನಮ್ಮ ಕೆರೆ, ನಮ್ಮ ಕೆರೆ’ ಅನ್ನುತ್ತಲೇ ಬದುಕಿದವರು. ಆ ಮಾತು ಅವಳ ಕಿವಿಗೆ ಹೊಸದಲ್ಲ. ಅದನ್ನು ಏಳನೇ ಕಾಲಂನಲ್ಲಿ ಬರೆಯಬಾರದು ಎಂಬುದು ಮಾತ್ರ ತಲೆಗೆ ಹೋಗಲಿಲ್ಲ.

“ಮೀನು ಬೇಕಿತ್ತು. ಸಿಂಘಿ. ಒಂದು ಹನ್ನೆರಡು ಸಾಕು. ಓದೋದಕ್ಕೆ.”

“ಮೀನು ಓದ್ತೀಯಾ?” ಹೆಂಗಸು ನಕ್ಕಳು. “ನಾವು ತಿಂತೀವಿ. ಬಾ, ಇಳಿ.”

“ಮೊದಲು ಕಾಗದಕ್ಕೆ ಸಹಿ ಬೇಕು. ನೀವು ಅಪ್ಪಣೆ ಕೊಟ್ರಿ ಅಂತ.”

ಹೆಂಗಸು ದಡಕ್ಕೆ ಬಂದಳು. ಹೆಸರು ಫೂಲ್‌ವತಿ. ಐವತ್ತರ ಹತ್ತಿರ. ಕಾಲು ಮೊಣಕಾಲಿನ ಕೆಳಗೆ ಬೆಳ್ಳಗೆ ನೆನೆದು ಸುಕ್ಕಾಗಿತ್ತು, ಬೆರಳ ಸಂದಿಯಲ್ಲಿ ಹುಣ್ಣು. ತನ್ನನ್ನು ಅಪ್ಪಣೆ ಕೇಳುವವರನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ದುಪಟ್ಟಾ ಸರಿ ಮಾಡಿಕೊಂಡು ಕುಳಿತಳು, ಹೆಬ್ಬೆಟ್ಟು ಚಾಚಿದಳು. ಇಂಕ್ ಪ್ಯಾಡಿಗೆ ಒತ್ತಿ ಕಾಗದಕ್ಕಿಟ್ಟರೆ ನೀಲಿ ಮುದ್ದೆಯೊಂದು ಬಿತ್ತು, ಗೆರೆಯೇ ಇಲ್ಲ. ನೀರು ತಿಂದಿತ್ತು. ಬೆರಳನ್ನು ಬಿಸಿಲಿಗೆ ಹಿಡಿದು ಒಣಗಿಸಿ, ಕುರ್ತಾಕ್ಕೆ ತಿಕ್ಕಿ ಮತ್ತೊಮ್ಮೆ ಒತ್ತಿದಳು. ಎರಡನೆಯ ಸಲ ಅರ್ಧ ಗೆರೆ ಮೂಡಿತು.

ಆಮೇಲೆ ಇಬ್ಬರೂ ನೀರಿಗಿಳಿದರು. ನಾಲ್ಕು ಗಂಟೆ. ಎಲೆಯ ಕೆಳಗೆ ಕೈಬಲೆ ತೂರಿಸಿ ಕೆಸರನ್ನು ಎತ್ತಬೇಕು, ಕೆಸರಿನ ಜೊತೆ ಸಿಂಘಾಡಾದ ಮುಳ್ಳು ಬರುತ್ತದೆ, ಜಿಗಣೆ ಬರುತ್ತದೆ, ಹತ್ತು ಸಲಕ್ಕೊಮ್ಮೆ ಮೀನು ಬರುತ್ತದೆ. ಏಳನೆಯ ಮೀನು ವಸಂತಿಯ ಅಂಗೈಗೆ ಹೊಡೆಯಿತು. ಕಣ್ಣು ಕತ್ತಲಿಟ್ಟಿತು, ಅವ್ವಾ ಅಂತ ಕಿರುಚಿದಳು. ಫೂಲ್‌ವತಿ ಅವಳ ಕೈಯನ್ನು ಎಳೆದು ತನ್ನ ಕಂಕುಳಲ್ಲಿ ಅದುಮಿ ಹಿಡಿದುಕೊಂಡಳು. ಮೈಬಿಸಿಗೆ ಉರಿ ಇಳಿಯುತ್ತದೆ ಅಂದಳು. ಹಾಗೇ ನೀರಿನ ನಡುವೆ ಇಬ್ಬರೂ ಅಂಟಿಕೊಂಡು ನಿಂತರು.

“ಯಾವ ಬಿರಾದರಿ ನಿಂದು?”

“ಬೆಸ್ತರು. ಮೀನು ಹಿಡಿಯೋರು.”

“ಹಾಗಾದ್ರೆ ನಮ್ಮವಳೇ. ನಾವು ಧೀಮರ್. ನನ್ನ ಮಾವನ ಅಪ್ಪನ ಕಾಲದಿಂದ ಈ ನೀರಲ್ಲೇ ಇದೀವಿ. ಈಗ ಆರು ವರ್ಷದಿಂದ ಚೌಧರಿಗೆ ಅರ್ಧ ಬೆಳೆ ಕೊಡ್ತೀವಿ.”

ವಸಂತಿಗೆ ಉರಿ ಮರೆತುಹೋಯಿತು. “ಅರ್ಧ ಯಾಕೆ? ಜೋಹಡ್ ನಿಮ್ಮದು ಅಂದ್ರಲ್ಲ?”

“ಜೋಹಡ್ ನಮ್ಮದೇ” ಅಂದಳು ಫೂಲ್‌ವತಿ. “ತಂತಿ ಅವನದು.”

ಆಗ ಕಂಡಿತು. ಆಚೆ ದಡದುದ್ದಕ್ಕೂ ಮುಳ್ಳುತಂತಿ, ಒಂದು ನೀಲಿ ಬೋರ್ಡು, ಅದರ ಮೇಲೆ ‘ನಿಜೀ ಸಂಪತ್ತಿ’, ಖಾಸಗಿ ಆಸ್ತಿ, ಅಂತ, ಕೆಳಗೆ ಜಗವೀರ್ ಚೌಧರಿ ಎಂಬ ಹೆಸರು. ವಸಂತಿ ಆ ಕ್ಷಣವೇ ಅರ್ಜಿಯನ್ನು ಹರಿದುಹಾಕಬೇಕಿತ್ತು. ಹರಿಯಲಿಲ್ಲ. ಚೀಲದಲ್ಲಿ ಆರು ಮೀನಿತ್ತು, ಇನ್ನಾರು ಬೇಕಿತ್ತು, ಮೂರು ವರ್ಷದ ಅಲೆದಾಟ ಮುಗಿಯುತ್ತಿತ್ತು. ಒಬ್ಬ ಚೌಧರಿಯ ಬಾಗಿಲಲ್ಲಿ ನಿಂತು, ಈ ಹೆಂಗಸಿನ ನೀರಿಗಿಳಿಯಲು ಅವನನ್ನು ಕೇಳುವುದು ಅವಳಿಗೆ ಅಸಹ್ಯವೂ ಆಯಿತು. ಎರಡೂ ನಿಜ. ಯಾವುದು ಎಷ್ಟು ನಿಜ ಎಂದು ಅವಳು ಆಮೇಲೆ ಬಹಳ ದಿನ ತನ್ನನ್ನೇ ಕೇಳಿಕೊಂಡಳು.

ಹನ್ನೆರಡು ಮೀನು ಹನ್ನೆರಡು ಗಾಜಿನ ಬಾಟಲಿ ಸೇರಿದವು. ಫಾರ್ಮಾಲಿನ್ ಸುರಿದು, ಒಂದೊಂದಕ್ಕೂ ಊರು, ತಾರೀಖು, ನೀರಿನ ಆಳ ಬರೆದು ಚೀಟಿ ಅಂಟಿಸಿದಳು. ಇಂದುಶೇಖರ ಬಾಟಲಿಗಳನ್ನು ನೋಡಿ ಸಂತೋಷಪಟ್ಟರು. ಅವರೂ ಕನ್ನಡದವರು, ಮೈಸೂರಿನವರು, ಇಪ್ಪತ್ತೆರಡು ವರ್ಷದಿಂದ ದೆಹಲಿಯಲ್ಲಿ, ಮನೆ ಹೌಜ್ ಖಾಸ್‌ನಲ್ಲಿ. ಮೀನು ತಿನ್ನುವವರಲ್ಲ, ಮೀನಿನ ಬಗ್ಗೆ ನಾಲ್ಕು ಪುಸ್ತಕ ಬರೆದವರು. ವಸಂತಿಯನ್ನು ‘ನಮ್ಮ ಕಡೆಯ ಹುಡುಗಿ’ ಅಂತ ಎಲ್ಲರಿಗೂ ಪರಿಚಯಿಸುತ್ತಿದ್ದರು. ಅರ್ಜಿಯ ಏಳನೇ ಕಾಲಂ ಮೇಲೆ ಕಣ್ಣಾಡಿಸಿ, “ಓಹೋ, ಹೆಂಗಸು ಮಾಲೀಕಳು! ವೆರಿ ಗುಡ್” ಅಂದರು. ಅಷ್ಟಕ್ಕೇ ಬಿಡಲಿಲ್ಲ. ಮಾಲೀಕರಿಗೆ ಕೃತಜ್ಞತೆ ಹೇಳುವುದು ಅವರ ಪದ್ಧತಿ. ಡಿಪಾರ್ಟ್‌ಮೆಂಟಿನ ಸೀಲು ಹಾಕಿ, ‘ಶ್ರೀಮತಿ ಫೂಲ್‌ವತಿ, ಜೋಹಡ್‌ನ ಮಾಲೀಕರು, ಗ್ರಾಮ ಮಾಲ್‌ಖೇಡಾ’ ಎಂದು ಬರೆಸಿ ರಿಜಿಸ್ಟರ್ ಪೋಸ್ಟ್ ಕಳಿಸಿದರು. ವಸಂತಿಗೆ ಹೇಳಿದ್ದು ಕಳಿಸಿದ ಮೇಲೆ. ನೀಲಿ ಬೋರ್ಡಿನ ಮೇಲಿನ ಹೆಸರು ಅವಳಿಗೆ ನೆನಪಾಯಿತು, ಅದನ್ನು ಅವರಿಗೆ ಹೇಳದೆ ಲ್ಯಾಬಿಗೆ ಹೋದಳು.

ಜೋಹಡ್‌ನ ಮಾಲೀಕರು ಅಂತ ವಿಳಾಸವಿದ್ದರೆ ಮಾಲ್‌ಖೇಡಾದ ಅಂಚೆಯವನು ಅದನ್ನು ಯಾರಿಗೆ ಕೊಡುತ್ತಾನೆ? ಚೌಧರಿಗೇ ಕೊಟ್ಟ.

ಹತ್ತನೇ ದಿನ ಇಂದುಶೇಖರ ಅವಳನ್ನು ಕರೆಸಿದರು.

“ಏನಮ್ಮ ಇದು ವಸಂತಿ? ಆತ ವಕೀಲನ ಕೈಲಿ ಫೋನ್ ಮಾಡಿಸಿದ್ದಾನೆ. ಆ ಹೆಂಗಸು ಅಲ್ಲಿ ಕೆಲಸದವಳಂತೆ. ಅವಳ ಹೆಬ್ಬೆಟ್ಟು ಹಾಕಿಸ್ಕೊಂಡು ಬಂದಿದೀಯಲ್ಲ!”

“ಕೆಲಸದವಳಲ್ಲ ಸಾರ್. ಅದು ಮೊದಲಿಂದ ಅವರದೇ ನೀರು. ಊರಿನ ಕೆರೆ ಅದು. ಈತ ಬೇಲಿ ಹಾಕ್ಕೊಂಡಿದಾನೆ.”

“ಅದು ಅವರವರ ಜಗಳ. ನಾವು ಮೀನಿನವರು. ಚಲೋ, ನಾಳೆ ಹೋಗಿ ಸರಿಮಾಡ್ಕೊಂಡು ಬರೋಣ.”

ಮರುದಿನ ಅವರ ಕಾರಿನಲ್ಲಿ ಹೋದರು. ಚೌಧರಿಯ ಬೈಠಕ್ಕಿನಲ್ಲಿ, ಅಂದರೆ ಗಂಡಸರು ಕೂರುವ ಹೊರಗಿನ ಕೋಣೆಯಲ್ಲಿ, ನಾಲ್ಕು ಕುರ್ಚಿ, ಎರಡು ಮಂಚ, ಒಂದು ಹುಕ್ಕಾ. ಜಗವೀರ್ ಚೌಧರಿ ಬಿಳಿ ಕುರ್ತಾ ತೊಟ್ಟು ಮಂಚದ ಮೇಲೆ ಕುಳಿತಿದ್ದ. ಗಂಟಲು ದೊಡ್ಡದಾಗಲೇ ಇಲ್ಲ. ದೊಡ್ಡದು ಮಾಡುವ ಅಗತ್ಯ ಅವನಿಗೆ ಯಾವತ್ತೂ ಬಿದ್ದಿರಲಿಕ್ಕಿಲ್ಲ. ಪ್ರೊಫೆಸರ್ ಸಾಹೇಬರಿಗೆ ಕುರ್ಚಿ ಎಳೆಸಿದ, ಹಾಲು ತರಿಸಿದ. ವಸಂತಿಗೆ ಕೂರು ಅನ್ನಲಿಲ್ಲ. ಮೂರು ಕುರ್ಚಿ ಖಾಲಿ ಇದ್ದವು. ಹೊಸ್ತಿಲಾಚೆ ನೆಲದ ಮೇಲೆ, ಮೂಗಿನ ತುದಿಯವರೆಗೆ ದುಪಟ್ಟಾ ಎಳೆದುಕೊಂಡು, ಫೂಲ್‌ವತಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳನ್ನು ನೀರಿನಿಂದಲೇ ಎಬ್ಬಿಸಿ ಕರೆತಂದಿದ್ದರು, ಸಲ್ವಾರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಕೇಳಿದ್ದರೆ ಬೇಡ ಅಂತಿದ್ನಾ ಛೋರಿ?” ಚೌಧರಿ ವಸಂತಿಯತ್ತ ನೋಡಿ ಹೇಳಿದ. “ಈ ಬಾಗಿಲಿಗೆ ಬಂದು ಕೇಳಿದವರಿಗೆ ನಮ್ಮಪ್ಪನೂ ಇಲ್ಲ ಅಂದಿಲ್ಲ, ನಾನೂ ಅಂದಿಲ್ಲ. ಹನ್ನೆರಡಲ್ಲ, ನೂರು ಮೀನು ಒಯ್ಯಿ. ಕೇಳಬೇಕು. ಅಷ್ಟೇ.”

“ತಪ್ಪಾಯ್ತು ಚೌಧರಿ ಸಾಬ್” ಅಂದರು ಇಂದುಶೇಖರ. “ಹುಡುಗಿಗೆ ಹಿಂದಿ ಸರಿಯಾಗಿ ಬರಲ್ಲ.”

“ತಪ್ಪು ಅವಳದಲ್ಲ, ಇವಳದು.” ಚೌಧರಿ ಹೊಸ್ತಿಲ ಕಡೆ ಗಲ್ಲ ಎತ್ತಿ ತೋರಿಸಿದ. “ಈ ಜನ ತಹಸೀಲಿಗೆ ಅರ್ಜಿ ಹಾಕ್ಕೊಂಡು ಕೂತಿದ್ದಾರೆ, ಜೋಹಡ್ ಊರಿನದು ಅಂತ. ಈಗ ದಿಲ್ಲಿಯ ಸೀಲು ಬಿದ್ದ ಕಾಗದ ಬೇರೆ. ನನಗೆ ನಿಮ್ಮ ಮೀನು ಬೇಡ. ಬರವಣಿಗೆಯಲ್ಲಿ ಒಂದು ಕಾಗದ ಕೊಡಿ ಸಾಕು.”

ಇಂದುಶೇಖರ ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಟೈಪ್ ಆಗಿತ್ತು. ದೆಹಲಿಯಿಂದಲೇ ಮಾಡಿಸಿಕೊಂಡು ಬಂದಿದ್ದರು. ಇಡೀ ದಾರಿ ಪಕ್ಕದಲ್ಲಿ ಕೂತಿದ್ದವಳಿಗೆ ಅದರ ಸುದ್ದಿ ಎತ್ತಿರಲಿಲ್ಲ, ಟ್ರಾಫಿಕ್ಕು, ಹೊಗೆ, ಮೈಸೂರಿನ ಹವೆ ಅಂತ ಮಾತಾಡಿಕೊಂಡು ಬಂದಿದ್ದರು. ವಸಂತಿ ಓದಿದಳು. ‘ಮಾಲ್‌ಖೇಡಾದ ಫೂಲ್‌ವತಿ ಎಂಬಾಕೆ ತಾನೇ ಜೋಹಡ್‌ನ ಮಾಲೀಕಳೆಂದು ಸುಳ್ಳು ಹೇಳಿ, ನನ್ನನ್ನು ವಂಚಿಸಿ, ಅರ್ಜಿಗೆ ಹೆಬ್ಬೆಟ್ಟು ಒತ್ತಿರುತ್ತಾಳೆ.’ ಕೆಳಗೆ ವಸಂತಿಯ ಪೂರ್ತಿ ಹೆಸರು. ಅದರ ಮೇಲೆ ಸಹಿಗೆ ಜಾಗ.

ಇದಕ್ಕೆ ಸಹಿ ಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಅರ್ಥವಾಯಿತು. ನಾಳೆಯೇ ಫೂಲ್‌ವತಿಯ ಮೇಲೆ ಪೊಲೀಸ್ ಕಂಪ್ಲೇಂಟು. ತಹಸೀಲಿನ ಅರ್ಜಿಗೆ ಎಳ್ಳುನೀರು. ಆಮೇಲೆ ನೀರೂ ಇಲ್ಲ, ಅರ್ಧ ಬೆಳೆಯೂ ಇಲ್ಲ.

“ಸಹಿ ಹಾಕಮ್ಮ, ಮನೆಗೆ ಹೋಗೋಣ” ಅಂದರು ಇಂದುಶೇಖರ, ಕನ್ನಡದಲ್ಲಿ.

“ಅವರು ಸುಳ್ಳು ಹೇಳಿಲ್ಲ ಸಾರ್.”

“ಗೊತ್ತು. ನನಗೂ ಗೊತ್ತು.” ಅವರು ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು ಮಾತಾಡುತ್ತಿದ್ದರು, ಚೌಧರಿಗೆ ಗುರು ಶಿಷ್ಯೆಗೆ ಬುದ್ಧಿ ಹೇಳುತ್ತಿದ್ದಾರೆ ಅನ್ನಿಸಲಿ ಅಂತ. “ಈ ಮನುಷ್ಯ ಕೆರೆ ಹೊಡ್ಕೊಂಡಿದಾನೆ ಅಂತ ಯಾರಿಗೆ ಕಾಣಲ್ಲ? ಆದ್ರೆ ನಿನ್ನ ಮೂರು ವರ್ಷ ನೋಡ್ಕೋ. ಕಮಿಟಿಗೆ ಹೋದ್ರೆ ರಿಜಿಸ್ಟ್ರೇಷನ್ನೇ ಹೋಗುತ್ತೆ. ಈಕೆಗೇನು? ಇಲ್ಲಿಲ್ಲದಿದ್ರೆ ಇನ್ನೊಂದು ಗುಂಡಿ. ಇವರೆಲ್ಲ ಹೇಗೋ ಬದುಕ್ಕೋತಾರಮ್ಮ. ನಿಮ್ಮವರು ಅಂತ ಸೆಂಟಿಮೆಂಟಲ್ ಆಗ್ಬೇಡ. ನಿನ್ನನ್ನ ಆ ಕೆಸರಿನಿಂದ ಮೇಲೆ ತರೋದಕ್ಕೆ ನಾನು ಪಟ್ಟ ಕಷ್ಟ ನನಗೆ ಗೊತ್ತು.”

ಹೊಸ್ತಿಲಾಚೆಯಿಂದ ಫೂಲ್‌ವತಿ ಇವರ ಬಾಯನ್ನೇ ನೋಡುತ್ತಿದ್ದಳು. ತನ್ನ ತಲೆಯ ಬೆಲೆ ಯಾವ ಭಾಷೆಯಲ್ಲಿ ಕಟ್ಟುತ್ತಿದ್ದಾರೆಂದೇ ಅವಳಿಗೆ ಗೊತ್ತಾಗುವಂತಿರಲಿಲ್ಲ. ವಸಂತಿಗೆ ಮೈಯೆಲ್ಲ ಹೇಸಿಗೆಯಾಯಿತು. ದೆಹಲಿಗೆ ಬಂದ ಹೊಸದರಲ್ಲಿ ಈ ಮನುಷ್ಯನ ಕನ್ನಡ ಕೇಳಿ ಕಣ್ಣೀರು ಬಂದಿತ್ತು. ಮುನಿರ್ಕಾದ ಮನೆಯೊಡತಿ ಮೀನು ಬೇಯಿಸಿದರೆ ಪಾತ್ರೆ ಸಮೇತ ಆಚೆ ಹಾಕುತ್ತೇನೆ ಅಂದ ದಿನ ಈ ಕನ್ನಡದಲ್ಲೇ ಹೇಳಿಕೊಂಡು ಅತ್ತಿದ್ದಳು. ಅಮ್ಮನ ಮಾತು ಅದು. ಅದೇ ಮಾತನ್ನು ಇಲ್ಲಿ ಕಳ್ಳರ ಮಾತು ಮಾಡಿಕೊಂಡು ನಗುತ್ತ ಕೂತಿದ್ದಾರೆ.

ಅವಳು ಹಾಳೆಯನ್ನು ಮಂಚದ ಮೇಲಿಟ್ಟಳು. ಹೊಸ್ತಿಲ ಕಡೆ ತಿರುಗಿ, ಹಿಂದಿಯಲ್ಲಿ, ಗಟ್ಟಿಯಾಗಿ ಶುರು ಮಾಡಿದಳು.

“ಫೂಲ್‌ವತಿ ಅಮ್ಮಾ, ನಮ್ಮ ಸಾರ್ ನಮ್ಮ ಭಾಷೆಯಲ್ಲಿ ಏನು ಹೇಳಿದ್ರು ಅಂತ ಕೇಳಿ. ನೀವು ಸುಳ್ಳು ಹೇಳಿಲ್ಲ ಅಂತ ಅವರಿಗೆ ಗೊತ್ತಂತೆ. ಈ ಚೌಧರಿ ಕೆರೆ ಹೊಡ್ಕೊಂಡಿದ್ದು ಎಲ್ಲರಿಗೂ ಕಾಣುತ್ತಂತೆ.”

“ವಸಂತಿ!” ಇಂದುಶೇಖರ ಹಾಲಿನ ಲೋಟ ಕೆಳಗಿಟ್ಟರು.

“ಆದ್ರೂ ನಾನು ನಿಮ್ಮನ್ನ ಮೋಸಗಾರ್ತಿ ಅಂತ ಬರೆದು ಸಹಿ ಹಾಕಬೇಕಂತೆ. ಯಾಕಂದ್ರೆ ನನ್ನ ಓದು ದೊಡ್ಡದು. ನಿಮಗೇನಂತೆ, ಈ ಗುಂಡಿ ಇಲ್ಲದಿದ್ರೆ ಇನ್ನೊಂದು ಗುಂಡಿಯಂತೆ. ನಿಮ್ಮಂಥವರು ಹೇಗೋ ಬದುಕ್ಕೋತಾರಂತೆ. ನನ್ನನ್ನ ಕೆಸರಿನಿಂದ ಮೇಲೆ ಎತ್ತಿದ್ದು ಅವರಂತೆ.” ಅವಳ ಹಿಂದಿಯಲ್ಲಿ ಲಿಂಗ ವಚನ ಎಲ್ಲ ತಪ್ಪಾಗುತ್ತಿತ್ತು. ಅರ್ಥ ಒಂದೂ ತಪ್ಪಲಿಲ್ಲ. “ನಾನು ಸಹಿ ಹಾಕಲ್ಲ.”

ಕೋಣೆಯಲ್ಲಿ ಹುಕ್ಕಾದ ಗುಳುಗುಳು ನಿಂತಿತು. ಚೌಧರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಅಚ್ಛಾ. ನೀನೂ ಅದೇ ಬಿರಾದರಿ. ಬಾಗಿಲಲ್ಲೇ ವಾಸನೆ ಬಂದಿತ್ತು.” ಇಂದುಶೇಖರರತ್ತ ತಿರುಗಿದ. “ಎಂಥೆಂಥವರನ್ನ ಸೇರಿಸ್ಕೊಂಡಿದೀರಿ ಪ್ರೊಫೆಸರ್ ಸಾಬ್.”

ಇಂದುಶೇಖರ ತಲೆ ತಗ್ಗಿಸಿದರು. ಮಾತಾಡಿದ್ದು ಫೂಲ್‌ವತಿ. ಎದ್ದು ನಿಂತಳು, ದುಪಟ್ಟಾವನ್ನು ಹಿಂದಕ್ಕೆ ಸರಿಸಿದಳು. ಆ ಬೈಠಕ್ಕಿನ ಎದುರು ಅವಳ ಮುಖ ಹಾಗೆ ಬಯಲಾದದ್ದು ಅದೇ ಮೊದಲಿರಬೇಕು.

“ಹೆಬ್ಬೆಟ್ಟು ನಾನೇ ಒತ್ತಿದ್ದು. ಅವಳು ಯಾರದು ಅಂತ ಕೇಳಿದಳು, ಇದ್ದದ್ದು ಹೇಳಿದೆ. ತಹಸೀಲ್ದಾರ ಕೇಳಿದ್ರೂ ಅದೇ ಹೇಳ್ತೀನಿ. ನೀನು ಕೇಳಿದ್ರೂ ಅದೇ ಹೇಳ್ತೀನಿ.”

“ನಡಿ ಆಚೆ” ಅಂದ ಚೌಧರಿ, ಈಗಲೂ ಮೆಲ್ಲಗೆ.

ವಸಂತಿ ಕಾರು ಹತ್ತಲಿಲ್ಲ. ಇಂದುಶೇಖರ ಒಂದು ಸಲ ಕರೆದರು, ಎರಡನೇ ಸಲ ಕರೆಯಲಿಲ್ಲ. ಬಾಜ್ರಾ ಹೊಲದ ಬದುವಿನ ಮೇಲೆ ಅವಳು ಫೂಲ್‌ವತಿಯ ಹಿಂದೆ ನಡೆದಳು. ಒಳ್ಳೆಯ ಕೆಲಸ ಮಾಡಿದೆ ಅನ್ನುವ ಒಂದು ಸಣ್ಣ ಹೆಮ್ಮೆ ಮನಸ್ಸಿನಲ್ಲಿತ್ತು. ಫೂಲ್‌ವತಿ ತಿರುಗಿ ನಿಂತು ಅದನ್ನು ಮುರಿದುಹಾಕಿದಳು.

“ನೀನು ಓದಿದವಳು. ತಂತಿ ಅವನದು ಅಂತ ಅವತ್ತೇ ಹೇಳಿದ್ದೆ. ಆ ಕಾಗದ ಅವನ ಕೈಗೆ ಹೋಗುತ್ತೆ ಅಂತ ನಿನಗೆ ಹೊಳೀಲಿಲ್ವಾ?”

ಹೊಳೆದಿತ್ತು.

“ಫೋನ್ ನಂಬರ್ ಕೊಟ್ಟು ಹೋಗು” ಅಂದಳು ಫೂಲ್‌ವತಿ.

ವಸಂತಿ ಸಹಿ ಹಾಕದಿದ್ದರೇನಂತೆ, ಇಂದುಶೇಖರರೇ ಹಾಕಿದರು. ವಿಭಾಗದ ಪರವಾಗಿ ಬೇರೆಯೇ ಒಂದು ಕಾಗದ ಬರೆದರು. ಅದರ ಪ್ರತಿಯನ್ನು ಅವಳಿಗೂ ತೋರಿಸಿದರು. ‘ಮಾಲ್‌ಖೇಡಾ ಗ್ರಾಮದ ಯಾವುದೇ ಖಾಸಗಿ ಜಮೀನಿನಿಂದ ನಮ್ಮ ವಿಭಾಗವು ಯಾವ ಮೀನನ್ನೂ ಸಂಗ್ರಹಿಸಿರುವುದಿಲ್ಲ.’

“ಸಾರ್, ಹನ್ನೆರಡು ಬಾಟಲಿ ಕಣ್ಣೆದುರಿಗಿದೆ.”

“ಶುಕ್ರವಾರ ಡಿಸ್ಪೋಸಲ್‌ಗೆ ಹೋಗುತ್ತೆ, ಹೇಳಿದೀನಿ. ನೋಡಮ್ಮ, ಇದು ನಿನಗೂ ಒಳ್ಳೇದು. ಮೀನೇ ಹಿಡಿದಿಲ್ಲ ಅಂದ್ಮೇಲೆ ಅಪ್ಪಣೆ ಪ್ರಶ್ನೆ ಎಲ್ಲಿ ಬರುತ್ತೆ? ಅವತ್ತು ನೀನು ಆಡಿದ್ದನ್ನ ನಾನು ಮರೆತಿದೀನಿ. ಬೇರೆ ಊರು ನೋಡು. ಈ ಸಲ ನಾನೇ ಬಂದು ಮಾಲೀಕರನ್ನ ಕೇಳ್ತೀನಿ. ಆರು ತಿಂಗಳಲ್ಲಿ ಥೀಸಿಸ್ ಮುಗಿಸ್ಕೋ.”

ಕ್ಷಮಿಸಿಬಿಟ್ಟಿದ್ದರು ಮಹಾನುಭಾವರು. ವಸಂತಿ ಹೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನಿಗ್ಯಾಕೆ ಹೇಳಲಿ ಅಂದುಕೊಂಡಳು, ಆರು ತಿಂಗಳು ಎಷ್ಟರ ಮಾತು ಅಂದುಕೊಂಡಳು. ಅವಳೇನು ದೇವತೆಯಲ್ಲ.

ಗುರುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಮೇಜು ಒರೆಸುತ್ತಿದ್ದಾಗ ಫೂಲ್‌ವತಿಯ ಫೋನ್ ಬಂತು.

“ಜೋಹಡ್ ಹೋಯ್ತು” ಅಂದಳು. ಅಳುತ್ತಿರಲಿಲ್ಲ. “ಮೂರು ಪಂಪ್ ಇಟ್ಟು ಐದು ದಿನ ನೀರು ಎಳೆದ. ಸಿಂಘಾಡಾ ಕೀಳೋಕೂ ಬಿಡಲಿಲ್ಲ, ಎಲ್ಲ ಬಳ್ಳಿ ಸಮೇತ ಕೆಸರಲ್ಲಿ ಕೊಳೀತು. ಸಿಂಘಿಗಳು ಕೆಸರಲ್ಲಿ ಹೊರಳಾಡ್ತಿದ್ವು, ಹದ್ದು ಬಂದು ತಿಂದ್ವು. ನಿನ್ನೆ ಲಾರಿ ಮಣ್ಣು ಬಂತು. ಇವತ್ತು ಸಪಾಟು ನೆಲ. ತಹಸೀಲಿನವರು ಬಂದಿದ್ರು. ಅವರ ಮುಂದೆ ಹೇಳ್ತಾನೆ, ಇಲ್ಲಿ ಜೋಹಡ್ ಇರಲೇ ಇಲ್ಲ, ಮಳೆನೀರು ನಿಲ್ಲೋ ತಗ್ಗು ಅಂತ.”

“ಫೋಟೋ ಇಲ್ವಾ ಯಾರ ಹತ್ರಾನೂ?”

“ಮಗನ ಫೋನಲ್ಲಿದೆ. ಫೋಟೋ ಯಾವ ನೀರಿನದಾದ್ರೂ ಆಗಬಹುದು ಅಂತ ಅವನ ವಕೀಲ. ಊರಲ್ಲಿ ಸಾಕ್ಷಿ ಹೇಳೋರಿಲ್ಲ. ಎಲ್ಲರೂ ಅವನ ಹೊಲದಲ್ಲೇ ದುಡೀಬೇಕಲ್ಲ. ಸಾಕ್ಷಿ ಅಂತ ನಿನ್ನ ಹೆಸರು ಬರೆಸಿದೀನಿ. ನಿನ್ನನ್ನ ಕೇಳಲಿಲ್ಲ. ಆ ಬಾಟಲಿ ಇದೆಯಾ? ಊರು, ತಾರೀಖು ಬರೆದು ಅಂಟಿಸಿದ್ದೆಯಲ್ಲ, ಅದು?”

ವಸಂತಿ ಬೀರುವಿನ ಕಡೆ ನೋಡಿದಳು. ಇತ್ತು. ತಗ್ಗಿನಲ್ಲಿ ನಿಂತ ಮಳೆನೀರಿನಲ್ಲಿ ಗೇಣುದ್ದದ ಸಿಂಘಿ ಬೆಳೆಯುವುದಿಲ್ಲ. ಒಂದು ವರ್ಷ ಬತ್ತದ ನೀರು ಬೇಕು. ಮೀನಿನ ವಯಸ್ಸನ್ನು ಅದರ ಮೂಳೆ ನೋಡಿ ಹೇಳಬಹುದು, ಅದನ್ನು ಹೇಳಲು ಓದಿದವಳು ಅವಳು. ಮಾಲ್‌ಖೇಡಾದ ಜೋಹಡ್ ಈಗ ಭೂಮಿಯ ಮೇಲೆ ಉಳಿದಿದ್ದರೆ ಆ ಹನ್ನೆರಡು ಬಾಟಲಿಗಳಲ್ಲಿ ಉಳಿದಿತ್ತು. ನಾಳೆ ಅದೂ ಇಲ್ಲ.

“ವಿಚಾರಣೆ ಯಾವತ್ತು?” ಎಂದು ಕೇಳಿದಳು.

“ಸೋಮವಾರ. ಹತ್ತು ಗಂಟೆಗೆ ತಹಸೀಲಿಗೆ ಬಾ.”

ಅವಳು ಬೀರು ತೆಗೆದಳು. ಬಾಟಲಿಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿದಳು. ಭಾರವಾಗಿತ್ತು. ಎದೆಗೆ ಅವಚಿಕೊಂಡು ಕಾರಿಡಾರಿಗೆ ಬಂದಳು. ಮೆಟ್ಟಿಲ ಹತ್ತಿರ ಇಂದುಶೇಖರ ಎದುರಾದರು. ಡಬ್ಬಿ ನೋಡಿದರು, ಅವಳ ಮುಖ ನೋಡಿದರು, ಎಲ್ಲ ತಿಳಿಯಿತು.

“ಅದನ್ನ ಇಲ್ಲೇ ಇಡು ವಸಂತಿ. ಅದು ಡಿಪಾರ್ಟ್‌ಮೆಂಟಿನ ಸ್ವತ್ತು. ನನ್ನ ಪರ್ಮಿಷನ್ ಇಲ್ಲದೆ ಒಂದು ಬಾಟಲಿ ಆಚೆ ಹೋಗೋ ಹಾಗಿಲ್ಲ.”

“ಡಿಪಾರ್ಟ್‌ಮೆಂಟು ಮೀನೇ ಹಿಡಿದಿಲ್ಲ ಅಂತ ಬರೆದು ಕೊಟ್ಟಿದೀರಲ್ಲ ಸಾರ್.”

“ಹುಚ್ಚಾಟ ಆಡ್ಬೇಡ. ಈ ಮೆಟ್ಟಿಲು ಇಳಿದ್ರೆ ಮತ್ತೆ ಹತ್ತೋದಕ್ಕೆ ಆಗಲ್ಲ. ನಿನ್ನ ಭವಿಷ್ಯ ನೀನೇ ಹಾಳು ಮಾಡ್ಕೋತಿದೀಯ.” ಅವರು ಜೇಬಿನಿಂದ ಫೋನ್ ತೆಗೆದರು. “ನಾನು ಸೆಕ್ಯುರಿಟಿ ಕರೀತೀನಿ.”

ವಸಂತಿಗೆ ಭಯವಾಯಿತು. ಆದರೂ ಡಬ್ಬಿ ಇಳಿಸಲಿಲ್ಲ.

“ಕರೀರಿ ಸಾರ್. ಕಳ್ಳತನ ಅಂತ ಬರೆಸಿ. ಏನು ಕದ್ದಳು ಅಂತ ಅವರು ಕೇಳ್ತಾರೆ. ಇದು ಯಾವ ಊರಿನ, ಯಾವ ಕೆರೆಯ ಮೀನು ಅಂತ ನೀವೇ ಬಾಯಿಬಿಟ್ಟು ಹೇಳಿ. ಸೋಮವಾರ ನನಗೆ ಅದೇ ಬೇಕು.”

ಇಂದುಶೇಖರ ಫೋನ್ ಹಿಡಿದುಕೊಂಡೇ ನಿಂತರು. ಬೆರಳು ಪರದೆಯ ಮೇಲಿತ್ತು, ಒತ್ತಲಿಲ್ಲ. ವಸಂತಿ ಅವರ ಪಕ್ಕದಿಂದ ಹಾದು, ಬಾಟಲಿಗಳು ಒಂದಕ್ಕೊಂದು ತಾಗದ ಹಾಗೆ, ಮೆಟ್ಟಿಲಿಳಿದು ಹೋದಳು.